ಕಂಬಳಿ ನಾವು ತಂದೆವು, ನೀವೇನು ತಂದಿರಿ?

2021ರ ಫೆಬ್ರುವರಿಯಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯದ ಮೇಲೆ ಹಿಮದ ಬಿರುಗಾಳಿ ಎರಗಿತು. 45 ಲಕ್ಷಕ್ಕೂ ಹೆಚ್ಚು ಮನೆ, ಅಂಗಡಿಗಳಲ್ಲಿ ವಿದ್ಯುತ್ ನಿಂತಿತು. ಅಲ್ಲಿನ ಬಹಳಷ್ಟು ಮನೆಗಳನ್ನು ಬೆಚ್ಚಗಿಡುವುದೂ ವಿದ್ಯುತ್ತೇ. ದೀಪದೊಡನೆ ಒಲೆಯೂ ಆರಿತು. ಆಗ ಕೊಲರಾಡೊ ಸಿಟಿ ಎಂಬ ಸಣ್ಣ ಊರಿನ ಮೇಯರು ಮಹಾಶಯರು ಜನಕ್ಕೆ ಉಪದೇಶ ಬರೆದರು: ಆಡಳಿತ ನಿಮಗೇನೂ ಬಾಕಿಯಿಲ್ಲ, ನಿಮ್ಮ ದಾರಿ ನೀವೇ ನೋಡಿಕೊಳ್ಳಿ, ಗಟ್ಟಿಗರು ಉಳಿಯುತ್ತಾರೆ, ದುರ್ಬಲರು ಅಳಿಯುತ್ತಾರೆ. ಇದು ಅದರ ಸಾರ. ಅದೇ ದಿನಗಳಲ್ಲಿ ಅವರ ಮೇಯರಗಿರಿ ಹೋಯಿತು. ಉಪದೇಶ ಮಾತ್ರ ಹೋಗಿಲ್ಲ.

ಮನೆಯವರು ಸಿದ್ಧರಿರಬೇಡವೇ? ಖಂಡಿತ ಇರಬೇಕು. ತಲೆಗೆ ದಿನಕ್ಕೆ 4 ಲೀಟರಿನಂತೆ ಮೂರು ದಿನದ ನೀರು, ಬೇಯಿಸದೆ ತಿನ್ನುವ ಆಹಾರ, ಔಷಧಿ, ಟಾರ್ಚು, ಕಂಬಳಿ ಕೈಗೆಟಕುವಂತಿರಲಿ. ಎಲ್ಲರೂ ಒಂದೇ ಕೋಣೆ ಸೇರಿ ಬಾಗಿಲ ಸಂದಿಗೆ ಬಟ್ಟೆ ತುರುಕಬೇಕು. ನಲ್ಲಿಯಿಂದ ನೀರು ತೊಟ್ಟಿಕ್ಕುತ್ತಿದ್ದರೆ ಕೊಳವೆ ಹೆಪ್ಪುಗಟ್ಟಿ ಒಡೆಯುವ ಭಯ ಕಡಿಮೆ. ಎಲ್ಲಕ್ಕಿಂತ ಮುಖ್ಯ, ಮುಚ್ಚಿದ ಕೋಣೆಯಲ್ಲಿ ಇದ್ದಿಲ ಒಲೆ ಹೊತ್ತಿಸಲೇಬಾರದು, ಜನರೇಟರು ಓಡಿಸಲೇಬಾರದು. ಅವುಗಳಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ. ಟೆಕ್ಸಾಸಿನಲ್ಲಿ ಇದರಿಂದಲೂ ಜನ ಸತ್ತರು. ಚಳಿಗೆ ಸಿಗಡಿ ಇಟ್ಟುಕೊಂಡು ಮಲಗುವ ನಮ್ಮವರೂ ಇದನ್ನು ನೆನಪಿಡಬೇಕು.

ಸರಿ, ನಮ್ಮ ಪಾಲಿನ ಕೆಲಸ ಮುಗಿಯಿತು. ಇನ್ನು ಅವರ ಪಾಲಿನದು!

ಅದೇ ರಾಜ್ಯದಲ್ಲಿ 2011ರ ಫೆಬ್ರುವರಿಯಲ್ಲೂ ಇಂಥದೇ ಚಳಿಗೆ ವಿದ್ಯುತ್ ಸ್ಥಾವರಗಳು ನಿಂತಿದ್ದವು. ಕೇಂದ್ರ ಸರಕಾರದ ನಿಯಂತ್ರಕರು ತನಿಖೆ ನಡೆಸಿ, ಸ್ಥಾವರಗಳಿಗೂ ಅನಿಲ ಬಾವಿಗಳಿಗೂ ಚಳಿ ತಡೆಯುವ ಹೊದಿಕೆ ಹಾಕಿ ಎಂದು ಅದೇ ವರ್ಷ ವರದಿ ಕೊಟ್ಟರು. ಆದರೆ ಅದು ಸಲಹೆ, ಕಡ್ಡಾಯವಲ್ಲ. ಹೊದಿಕೆಗೆ ಹಣ ಬೇಕು. ಹತ್ತು ವರ್ಷಕ್ಕೊಮ್ಮೆ ಬರುವ ಚಳಿಗಾಗಿ ಲಾಭ ಬಿಡುವವರಾರು? ಸಾಲದ್ದಕ್ಕೆ, ದಿಲ್ಲಿಯಂತಹ ಅವರ ವಾಷಿಂಗ್ಟನ್ನಿನ ನಿಯಮ ತಗಲಬಾರದೆಂದು ಟೆಕ್ಸಾಸ್ ತನ್ನ ವಿದ್ಯುತ್ ಜಾಲವನ್ನು ನೆರೆ ರಾಜ್ಯಗಳಿಂದ ಬೇರೆಯಾಗಿಯೇ ಇಟ್ಟುಕೊಂಡಿತ್ತು. ಕಷ್ಟ ಬಂದಾಗ ನೆರೆಯವರಿಂದ ಸಾಲ ತರುವ ತಂತಿಯೂ ಸಾಕಷ್ಟು ಇರಲಿಲ್ಲ.

2021ರಲ್ಲಿ ಅನಿಲದ ಕೊಳವೆಗಳು ಹೆಪ್ಪುಗಟ್ಟಿದವು, ಸ್ಥಾವರಗಳು ಸಾಲಾಗಿ ನಿಂತವು. ಸರಕಾರದ ಲೆಕ್ಕದಲ್ಲೇ ಸತ್ತವರು 246. ಅವರಲ್ಲಿ ಹೆಚ್ಚಿನವರು ಚಳಿಗೆ ಸತ್ತವರು. ಅದೇ ದಿನಗಳಲ್ಲಿ ಸಗಟು ವಿದ್ಯುತ್ತಿನ ದರವನ್ನು ಯೂನಿಟ್ಟಿಗೆ ಕೆಲವು ಸೆಂಟಿನಿಂದ 9 ಡಾಲರಿಗೆ ಏರಿಸಿ, ಅಲ್ಲಿಯೇ ದಿನಗಟ್ಟಲೆ ನಿಲ್ಲಿಸಿದರು. ಸಗಟು ದರಕ್ಕೆ ಕರಾರು ಮಾಡಿಕೊಂಡಿದ್ದ ಮನೆಗಳಿಗೆ ಸಾವಿರಾರು ಡಾಲರಿನ ಬಿಲ್ಲು ಬಂತು. ಬರಗಾಲದಲ್ಲಿ ಅಕ್ಕಿ ಬಚ್ಚಿಟ್ಟು ದರ ಏರಿಸಿದ ಅಂಗಡಿಕಾರನಿಗೆ ಕಾಳಸಂತೆಕೋರ ಎನ್ನುತ್ತೇವೆ. ಇದಕ್ಕೆ ಅವರಿಟ್ಟ ಹೆಸರು ಮಾರುಕಟ್ಟೆ!

ಗಿರಣಿಯಲ್ಲಿ ದುಡಿಯುವವನಿಗೆ ಈ ನ್ಯಾಯ ಹೊಸದಲ್ಲ. ಯಂತ್ರಕ್ಕೆ ಕಾಪು ಹಾಕಿಸದ ಧಣಿ, ಬೆರಳು ಹೋದ ಮೇಲೆ, ನೀನು ಎಚ್ಚರವಾಗಿರಬೇಕಿತ್ತು ಎನ್ನುತ್ತಾನೆ. ಎಚ್ಚರ ಬೇಕು, ನಿಜ. ಆದರೆ ಕಾಪು ಹಾಕಿಸುವುದು ಯಾರ ಕೆಲಸ?

ಸ್ಥಾವರಗಳಿಗೆ ಹೊದಿಕೆ ಕಡ್ಡಾಯವೆಂದು ಟೆಕ್ಸಾಸ್ ಕಾನೂನು ಮಾಡಿತು. ಯಾವಾಗ? 2021ರಲ್ಲಿ, ಹೆಣಗಳನ್ನು ಎಣಿಸಿದ ಮೇಲೆ! ಕಂಬಳಿ ಹೊದ್ದು ಕೂರುವ ಎಚ್ಚರ ಮನೆಯವರಿಗಿರಲಿ. ನೀವೇನು ತಂದಿರಿ ಎಂದು ಚಳಿಗೆ ಮುಂಚೆಯೇ ಕೇಳುವ ಎಚ್ಚರ ಊರಿಗಿರಲಿ.