ಅಳುಮುಖ ಕಾಣುವ ಮುನ್ನ

ನಿಮ್ಮ ಮನೆಯ ಬೇಸ್‌ಮೆಂಟಿನಲ್ಲೂ ಊರಿನಿಂದ ತಂದ ಸಿ.ಡಿ.ಗಳ ಡಬ್ಬವೊಂದು ಇದ್ದೀತು. ನಮ್ಮ ಡಬ್ಬದಲ್ಲಿ ಭಾವಗೀತೆಗಳ ನಡುವೆ, 2004ರಲ್ಲಿ ಅಣ್ಣ ಕ್ಯಾಸೆಟ್ಟಿನಿಂದ ಇಳಿಸಿಕೊಟ್ಟ ಸಿ.ಡಿ. ಒಂದಿದೆ. ಅಮ್ಮ ಹಾಡಿದ ಒಂಬತ್ತು ದೇವರನಾಮಗಳು. ಅಮ್ಮ ಈಗಿಲ್ಲ.

ಮೊನ್ನೆ ಹಾಕಿದರೆ ಆರನೆಯ ಹಾಡು ತೊದಲಿತು! ಮನೆಯಲ್ಲಿ ಬರೆದ ಸಿ.ಡಿ.ಯಲ್ಲಿ ಹಾಡು ಕೂತಿರುವುದು ತೆಳ್ಳಗಿನ ಬಣ್ಣದ ಪದರದಲ್ಲಿ. ವರ್ಷ ಕಳೆದಂತೆ ಅದು ಮಾಸುತ್ತದೆ.

ಲಿನಕ್ಸ್ ಹಾಕಿದ ನನ್ನ ಲ್ಯಾಪ್‌ಟಾಪಿಗೆ ಯುಎಸ್‌ಬಿ ಡ್ರೈವ್ ಸಿಕ್ಕಿಸಿ, 'ಸಿಡಿಪ್ಯಾರನೋಯಾ' ಎಂಬ ಉಚಿತ ತಂತ್ರಾಂಶ ಓಡಿಸಿದೆ. ಹೆಸರಿಗೆ ತಕ್ಕ ಸಂಶಯಪಿಶಾಚಿ! ಓದಿದ್ದನ್ನು ನಂಬದೆ ಮತ್ತೆ ಮತ್ತೆ ಓದಿ ತಾಳೆ ನೋಡುತ್ತದೆ. ಎಲ್ಲ ಸರಿಯಿದ್ದರೆ ಪರದೆಯ ಮೇಲೆ ನಗುಮುಖ, ಕೈಲಾಗದಿದ್ದರೆ ಅಳುಮುಖ. ಐದು ಹಾಡು ನಗುತ್ತಲೇ ಮುಗಿದವು. ಆರನೆಯದಕ್ಕೆ ಅಳುಮುಖ. ಸಿ.ಡಿ.ಯನ್ನು ಮೆತ್ತನೆಯ ಬಟ್ಟೆಯಿಂದ, ಸುತ್ತ ಉಜ್ಜದೆ, ನಡುವಿನಿಂದ ಅಂಚಿಗೆ ಒರೆಸಿ, ಪುನಃ ಓಡಲು ಬಿಟ್ಟು ಮಲಗಿದೆ. ಬೆಳಿಗ್ಗೆ ನೋಡಿದರೆ ಒಂದು ಸಾಲು ಬಿಟ್ಟು ಮಿಕ್ಕದ್ದೆಲ್ಲ ಬಂದಿತ್ತು. ಆ ಸಾಲನ್ನು ಮಗಳಿಗೆ ನಾನೇ ಹಾಡಿ ತೋರಿಸಿದೆ. ಅಮ್ಮನ ಧಾಟಿ ಬರಲಿಲ್ಲ.

ಹಾಡುಗಳನ್ನು 'ಫ್ಲ್ಯಾಕ್' ರೂಪದಲ್ಲಿಡಿ. ಎಂಪಿ3ಯಂತೆ ಅದು ದನಿಯಲ್ಲಿ ಏನನ್ನೂ ಕಳೆಯುವುದಿಲ್ಲ. ಆದರೂ ಸಾಕುವುದು ಸಿ.ಡಿ.ಯ ಸುಮಾರು ಅರ್ಧದಷ್ಟು ಜಾಗ. ಹಾಡಿನ ಹೆಸರನ್ನು ಕನ್ನಡದಲ್ಲೇ ಬರೆಯಿರಿ, ಲಿನಕ್ಸ್ ಬೇಡವೆನ್ನುವುದಿಲ್ಲ. ಒಂದು ಪ್ರತಿ ನಿಮ್ಮಲ್ಲಿರಲಿ, ಇನ್ನೊಂದು ಊರಿನಲ್ಲಿರಲಿ.

ಈ ವಾರಾಂತ್ಯವೇ ಡಬ್ಬ ತೆರೆಯಿರಿ. ಅಂಗಡಿಯ ಸಿ.ಡಿ.ಗಳು ಕಾಯಲಿ, ಮನೆಯವರ ದನಿಯಿರುವುದನ್ನು ಮೊದಲು ಹಾಕಿ. ತೊಡಕಾದರೆ ನಮ್ಮ ಮನೆಗೆ ತನ್ನಿ. ಸಿಡಿಪ್ಯಾರನೋಯಾ ಓದುವಷ್ಟು ಹೊತ್ತು ಕಾಫಿ ಕುಡಿಯೋಣ.