ಸಂಜೆ ಕಾಫಿಯ ತಕರಾರು
ವೃದ್ಧಾಶ್ರಮ ಎಂದೊಡನೆ ಕಣ್ಣೀರು ಹಾಕಿಕೊಂಡು ಬರೆಯುವವರೇ ಹೆಚ್ಚು. ಸಂಜೆ ಕಾಫಿ ಹೊತ್ತಿಗೆ ಹೋಗಿ ಕೂತು ನೋಡಿ, ಅಲ್ಲಿ ನಡೆಯುವುದು ಜಗಳ. 1972ರಲ್ಲಿ ತೆರೆಕಂಡ ‘ಬಂಗಾರದ ಮನುಷ್ಯ’ ಬೆಂಗಳೂರಿನ ಸ್ಟೇಟ್ಸ್ ಟಾಕೀಸಿನಲ್ಲಿ ಓಡುತ್ತಿದ್ದಾಗ ಬ್ಲ್ಯಾಕಿನಲ್ಲಿ ಟಿಕೆಟ್ಟಿಗೆ ಎಷ್ಟಿತ್ತು ಎಂಬ ಬಗ್ಗೆ ನಿವೃತ್ತ ಮೇಷ್ಟ್ರಿಗೂ ಬ್ಯಾಂಕ್ ಮ್ಯಾನೇಜರರಿಗೂ ಇನ್ನೂ ರಾಜಿಯಾಗಿಲ್ಲ. “ನೀವಾಗ ಶಿವಮೊಗ್ಗದಲ್ಲಿದ್ರಿ, ಸುಮ್ನಿರಿ ಮೇಷ್ಟ್ರೇ” ಎಂದು ನಡುವೆ ಬಾಯಿ ಹಾಕುವ ಅಜ್ಜಿಗೆ ಇಬ್ಬರ ಚರಿತ್ರೆಯೂ ಬಾಯಿಪಾಠ. 2007ರ ಹಿರಿಯ ನಾಗರಿಕರ ಕಾಯ್ದೆ ಮಕ್ಕಳಿಂದ ಜೀವನಾಂಶ ಕೊಡಿಸೀತು. ಹೀಗೆ ತಕರಾರು ತೆಗೆಯುವ ಓರಗೆಯವರನ್ನು ಎಲ್ಲಿಂದ ತರುತ್ತದೆ? ಮನೆಯಲ್ಲಾದರೆ ಮಕ್ಕಳು “ಹೌದಪ್ಪಾ, ಹೌದು” ಎನ್ನುತ್ತಾ ಮೊಬೈಲು ಒತ್ತುತ್ತಿರುತ್ತಾರೆ. ಮೊನ್ನೆ ಮೇಷ್ಟ್ರು ಮಗಳ ಮನೆಗೆ ಹೋಗಿದ್ದರು. ಮ್ಯಾನೇಜರರು ವಾರವಿಡೀ ಉಪ್ಪಿಟ್ಟಿನ ಮೇಲೆ ಸಿಡುಕುತ್ತಿದ್ದರಂತೆ.