ನೀರಿನ ಇಂಟರ್‌ಕೂಲರ್‌ಗೆ ದುಡ್ಡು ಸುರಿಯುವ ಮುನ್ನ ಹೋಸ್ ನೋಡಿ

ನನ್ನ ಸೋದರಮಾವ ಶುಂಠಿ, ಆಲೂಗಡ್ಡೆ ತುಂಬಿಕೊಂಡು ವಾರಕ್ಕೆ ಮೂರು ಸಲ ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗುತ್ತಾರೆ. ಖಾಲಿ ಬಂದರೆ ಡೀಸೆಲ್ ದುಡ್ಡೂ ಹುಟ್ಟುವುದಿಲ್ಲ. ಹಾಗಾಗಿ ಬರುವಾಗ ಸಿಕ್ಕಿದ್ದನ್ನು ಹೇರಿಕೊಂಡೇ ಘಾಟಿ ಹತ್ತುತ್ತಾರೆ. ಕಳೆದ ಬೇಸಿಗೆಯಲ್ಲಿ ಅವರ ಪಿಕಪ್ ಗುಂಡ್ಯ ದಾಟುತ್ತಿದ್ದಂತೆ ಏದುಸಿರು ಬಿಡಲು ಶುರು ಮಾಡಿತು. ಮೂರನೇ ಗೇರಿನಲ್ಲಿ ಹತ್ತುತ್ತಿದ್ದ ಏರಿಗೆ ಎರಡನೇ ಗೇರು ಬೇಕಾಯಿತು. ಹಿಂದೆ ನೋಡಿದರೆ ಕಪ್ಪು ಹೊಗೆ.

ಪೇಟೆಯ ಗ್ಯಾರೇಜ್ ಒಂದರಲ್ಲಿ ತೋರಿಸಿದರು. "ಗಾಳಿ ಇಂಟರ್‌ಕೂಲರ್ ಘಾಟಿಗೆ ಸಾಲಲ್ಲ. ನೀರಿಂದು ಹಾಕಿಸಿ, ನಲವತ್ತೈದು ಸಾವಿರ ಆಗುತ್ತೆ" ಅಂದರಂತೆ. ಮಾವ ಅಂದು ರಾತ್ರಿಯೇ ಫೋನ್ ಮಾಡಿದರು. "ಓದಿದೋನು ನೀನು, ಹೇಳೋ. ಸೊಸೈಟಿ ಸಾಲ ಇನ್ನೂ ತೀರಿಲ್ಲ, ಇದಕ್ಕೊಂದು ಕೈಸಾಲ ಮಾಡ್ಲಾ?"

ನಾನು ಓದಿದ್ದು ಪತ್ರಿಕೋದ್ಯಮ, ಎಂಜಿನ್ ಅಲ್ಲ. ಆದರೂ ಕೇಳಿ, ಓದಿ, ನೋಡಿ ಒಂದು ತೀರ್ಮಾನಕ್ಕೆ ಬಂದೆ. ನಮ್ಮೂರಿನ ಬಾಡಿಗೆ ಗಾಡಿಗೆ, ಕಂಪನಿಯಿಂದಲೇ ಗಾಳಿ ಇಂಟರ್‌ಕೂಲರ್ ಇದ್ದರೆ, ಅದೇ ಸಾಕು. ಅದನ್ನು ಕಿತ್ತು ನೀರಿನದ್ದು ಹಾಕಿಸುವುದು ದಂಡದ ಖರ್ಚು. ಕಾರಣ ಹೇಳುತ್ತೇನೆ.

ಟರ್ಬೊ ಮಾಡುವ ಕೆಲಸ ಸರಳ. ಸೈಲೆನ್ಸರ್ ಕಡೆ ಹೋಗುವ ಬಿಸಿ ಹೊಗೆಯ ರಭಸದಿಂದ ಒಂದು ಚಕ್ರ ತಿರುಗುತ್ತದೆ, ಅದು ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಸೈಕಲ್ ಪಂಪ್ ಹೊಡೆದವರಿಗೆ ಗೊತ್ತು, ಗಾಳಿ ಒತ್ತಿದರೆ ಬಿಸಿಯಾಗುತ್ತದೆ. 35 ಡಿಗ್ರಿ ಗಾಳಿಯನ್ನು ಎರಡು ಪಟ್ಟು ಒತ್ತಡಕ್ಕೆ ಏರಿಸಿದರೆ, ಟರ್ಬೊದಲ್ಲಿ ಆಗುವ ನಷ್ಟವನ್ನೂ ಸೇರಿಸಿ, ಅದು ಸುಮಾರು 130 ಡಿಗ್ರಿ ಮುಟ್ಟುತ್ತದೆ. ಬಿಸಿ ಗಾಳಿ ಹಿಗ್ಗುತ್ತದೆ, ಸಿಲಿಂಡರಿನಲ್ಲಿ ಕಡಿಮೆ ಹಿಡಿಯುತ್ತದೆ. ಅದನ್ನು 60 ಡಿಗ್ರಿಗೆ ಇಳಿಸಿದರೆ ಅದೇ ಒತ್ತಡದಲ್ಲಿ ಶೇಕಡಾ 20ರಷ್ಟು ಹೆಚ್ಚು ಗಾಳಿ ಒಳಗೆ ಹೋಗುತ್ತದೆ. ಗಾಳಿ ಹೆಚ್ಚಾದರೆ ಡೀಸೆಲ್ ಪೂರ್ತಿ ಉರಿಯುತ್ತದೆ, ಎಳೆತ ಬರುತ್ತದೆ. ಇದಿಷ್ಟೇ ಇಂಟರ್‌ಕೂಲರಿನ ಕೆಲಸ.

ತಣಿಸುವುದಕ್ಕೆ ಎರಡು ದಾರಿ. ಒಂದು, ರೇಡಿಯೇಟರಿನಂಥ ಅಲ್ಯೂಮಿನಿಯಂ ಜಾಲರಿಯನ್ನು ಗಾಡಿಯ ಮುಂದೆ ಇಟ್ಟು ಎದುರುಗಾಳಿಗೆ ಒಡ್ಡುವುದು. ಬಿಡದಿಯಲ್ಲಿ ತಯಾರಾಗುವ ಫಾರ್ಚೂನರಿನ ಹಳೆಯ 3 ಲೀಟರ್ ಮಾಡೆಲ್ ನೆನಪಿದೆಯೇ? ಅದರ ಬಾನೆಟ್ ಮೇಲಿನ ಬಾಯಿ ಶೋಕಿಗೆ ಇಟ್ಟದ್ದಲ್ಲ. ಅದರ ಕೆಳಗೇ ಇಂಟರ್‌ಕೂಲರ್ ಕೂತಿದೆ. ಇನ್ನೊಂದು, ಬಿಸಿ ಗಾಳಿಯ ಶಾಖವನ್ನು ಮೊದಲು ನೀರಿಗೆ ಕೊಟ್ಟು, ಆ ನೀರನ್ನು ಪಂಪಿನಿಂದ ಮುಂದಿನ ಇನ್ನೊಂದು ಪುಟ್ಟ ರೇಡಿಯೇಟರಿಗೆ ಕಳಿಸಿ ತಣಿಸುವುದು.

ಎರಡನೆಯದನ್ನು ಇನ್ನೊಮ್ಮೆ ನೋಡಿ. ನೀರಿನ ಶಾಖವೂ ಕೊನೆಗೆ ಹೋಗುವುದು ಗಾಳಿಗೇ. ನೀರು ನಡುವಿನ ದಲ್ಲಾಳಿ. ಎಪಿಎಂಸಿಯಲ್ಲಿ ದಲ್ಲಾಳಿಯಿಂದ ಉಪಯೋಗವೇ ಇಲ್ಲ ಎನ್ನಲಾಗದು, ಆದರೆ ಅವನಿಗೂ ಕಮಿಷನ್ ಕೊಡಬೇಕಲ್ಲ? ಇಲ್ಲಿ ಕಮಿಷನ್ ಎಂದರೆ ಒಂದು ಪಂಪು, ಇನ್ನೊಂದು ರೇಡಿಯೇಟರ್, ನಾಲ್ಕಾರು ಹೋಸು, ಕೂಲೆಂಟು ಮತ್ತು ಅದರ ಭಾರ.

ನೀರಿನ ಪರವಾಗಿ ಹೇಳಬೇಕಾದದ್ದೂ ಇದೆ. ತೂಕಕ್ಕೆ ತೂಕ ಲೆಕ್ಕ ಹಾಕಿದರೆ ನೀರು ಗಾಳಿಗಿಂತ ನಾಲ್ಕು ಪಟ್ಟು ಶಾಖ ಹಿಡಿಯುತ್ತದೆ. ಗಾಳಿಯ ಪೈಪು ಗಿಡ್ಡವಾಗುವುದರಿಂದ ಆಕ್ಸಿಲರೇಟರ್ ಒತ್ತಿದ ಕೂಡಲೇ ಎಂಜಿನ್ ಓಗೊಡುತ್ತದೆ. ಫೋಕ್ಸ್‌ವ್ಯಾಗನ್ನಿನ 1.0 ಟಿಎಸ್‌ಐ ಪೆಟ್ರೋಲ್ ಎಂಜಿನ್ನಿನಲ್ಲಿ ನೀರಿನ ಇಂಟರ್‌ಕೂಲರ್ ಇಂಟೇಕ್ ಮ್ಯಾನಿಫೋಲ್ಡಿನೊಳಗೇ ಇದೆ. ಜಾಗವೇ ಇಲ್ಲದ ಪುಟ್ಟ ಕಾರಿಗೆ ಅದು ಜಾಣ ಆಯ್ಕೆ, ಆದರೆ ಇಡೀ ಎಂಜಿನ್ನನ್ನು ಹಾಗೆಯೇ ರೂಪಿಸಿದ್ದಾರೆ. ಸಮುದ್ರದಲ್ಲಿ ಓಡುವ ದೊಡ್ಡ ಟರ್ಬೊ ಡೀಸೆಲ್‌ಗಳಿಗೂ ನೀರಿನದ್ದೇ ಸರಿ. ಸುತ್ತ ಇರುವುದೆಲ್ಲ ತಣ್ಣನೆಯ ನೀರು, ರೇಡಿಯೇಟರೇ ಬೇಕಿಲ್ಲ. ಅರ್ಧ ನಿಮಿಷದೊಳಗೆ ಮುಗಿಯುವ ಡ್ರ್ಯಾಗ್ ರೇಸಿನವರು ಟ್ಯಾಂಕಿಗೆ ಐಸ್ ಹಾಕಿಕೊಂಡು ಓಡುತ್ತಾರೆ. ಅವರಿಗೂ ಅದು ಲಾಭವೇ.

ಗ್ಯಾರೇಜಿನವರ ಮಾತಿನಲ್ಲೂ ಅರ್ಧ ಸತ್ಯವಿದೆ. ಘಾಟಿಯಲ್ಲಿ ಗಾಡಿ ಇಪ್ಪತ್ತು, ಮೂವತ್ತರ ವೇಗದಲ್ಲಿ ತೆವಳುವಾಗ ಎದುರುಗಾಳಿ ಎಲ್ಲಿಂದ ಬರಬೇಕು? ಬಾರದು, ನಿಜ. ಆದರೆ ನೀರನ್ನು ತಣಿಸುವ ಮುಂದಿನ ರೇಡಿಯೇಟರಿಗೂ ಅದೇ ಗಾಳಿ ತಾನೆ ಬೇಕು? ನಾಲ್ಕೈದು ಲೀಟರ್ ನೀರು ಹೊಡೆತವನ್ನು ತಡೆದುಕೊಳ್ಳುವುದು ಮೊದಲ ಕೆಲವು ನಿಮಿಷ ಮಾತ್ರ. ಲೋಡು ಹೊತ್ತು ಶಿರಾಡಿ ಹತ್ತುವ ಕೆಲಸ ಕೆಲವು ನಿಮಿಷದ್ದಲ್ಲ. ನೀರು ಒಮ್ಮೆ ಕಾದ ಮೇಲೆ ಉಳಿಯುವುದು ದಲ್ಲಾಳಿಯ ಕಮಿಷನ್ ಮಾತ್ರ.

ಇನ್ನು ಕೆಡುವ ಮಾತು. ಗಾಳಿ ಇಂಟರ್‌ಕೂಲರಿನಲ್ಲಿ ತಿರುಗುವ ಒಂದೂ ಭಾಗ ಇಲ್ಲ. ಹೋಸ್ ಸೀಳಿದರೆ ಸಿಳ್ಳೆ ಕೇಳುತ್ತದೆ, ಹೊಗೆ ಕಾಣುತ್ತದೆ, ನಿಧಾನವಾಗಿಯಾದರೂ ಮನೆ ಮುಟ್ಟಬಹುದು. ನೀರಿನದ್ದರಲ್ಲಿ ಪಂಪು ನಿಂತರೆ ಸದ್ದೇ ಇಲ್ಲ. ಒಳಗಿನ ಕೋರ್ ಸೋರಿದರೆ ನೀರು ನೇರ ಸಿಲಿಂಡರಿಗೆ ಹೋಗಬಹುದು, ಕನೆಕ್ಟಿಂಗ್ ರಾಡ್ ಬಗ್ಗಬಹುದು. ರಾತ್ರಿ ಎರಡು ಗಂಟೆಗೆ ಮಾರನಹಳ್ಳಿ ತಿರುವಿನಲ್ಲಿ ನಿಂತ ಶುಂಠಿ ಗಾಡಿಗೆ ಆ ಪಂಪು ಯಾರು ತಂದುಕೊಡುತ್ತಾರೆ? ಅದೂ ಅಲ್ಲದೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇರುವುದೇ ಗಾಡಿಯ ಮಾರ್ಪಾಡಿಗೆ ಕಡಿವಾಣ ಹಾಕಲು. ವಾರಂಟಿ, ವಿಮೆ ಇರುವ ಗಾಡಿಯ ಎಂಜಿನ್ನಿಗೆ ಕೈ ಹಾಕಿಸುವ ಮುನ್ನ ಎರಡು ಸಲ ಯೋಚಿಸಿ.

ಮಾವನ ಗಾಡಿಗೆ ಏನಾಗಿತ್ತು ಗೊತ್ತೇ? ಊರಿನ ಮೆಕ್ಯಾನಿಕ್ ಟರ್ಬೊ ಹೋಸಿನ ಜಾಯಿಂಟುಗಳಿಗೆ ಸೋಪಿನ ನೀರು ಹಚ್ಚಿ ರೇಸ್ ಮಾಡಿಸಿದ. ಕ್ಲಾಂಪಿನ ಬುಡದಲ್ಲಿ ಗುಳ್ಳೆ ಎದ್ದವು. ರಬ್ಬರು ಬೆರಳುದ್ದ ಸೀಳಿತ್ತು. ಜಾಲರಿಯ ತುಂಬ ಧೂಳು, ಹುಳು, ಎಣ್ಣೆ ಜಿಡ್ಡು ಮೆತ್ತಿ ಬೆಳಕೂ ನುಸುಳುತ್ತಿರಲಿಲ್ಲ. ಹೋಸು, ಎರಡು ಕ್ಲಾಂಪು, ಕೂಲಿ ಎಲ್ಲ ಸೇರಿ ಸಾವಿರದ ಎಂಟುನೂರು ರೂಪಾಯಿ. ಮುಂದಿನ ವಾರ ಗಾಡಿ ಮೂರನೇ ಗೇರಿನಲ್ಲೇ ಘಾಟಿ ಹತ್ತಿತು.

ಹಾಗಾಗಿ ಎಳೆತ ಕಡಿಮೆಯಾದರೆ ಮೊದಲು ಹೋಸು, ಕ್ಲಾಂಪು, ಏರ್ ಫಿಲ್ಟರ್ ನೋಡಿಸಿ. ಜಾಲರಿಯನ್ನು ಸಣ್ಣ ಧಾರೆಯಲ್ಲಿ ತೊಳೆಯಿರಿ. ಪ್ರೆಶರ್ ವಾಷರ್ ಹತ್ತಿರ ಹಿಡಿದರೆ ರೆಕ್ಕೆಗಳು ಮಡಚಿಕೊಳ್ಳುತ್ತವೆ. ಹೋಸಿನೊಳಗೆ ತೆಳುವಾಗಿ ಎಣ್ಣೆ ಇದ್ದರೆ ಹೆದರಬೇಕಿಲ್ಲ, ಸುರಿಯುವಷ್ಟಿದ್ದರೆ ಟರ್ಬೊ ತೋರಿಸಿ.

ಕೊನೆಗೆ ನಮ್ಮವರಿಗೇ ಒಂದು ಮಾತು. ಪತ್ರಿಕೆಗಳ ವಾಹನ ಪುಟ ತೆರೆದರೆ ಹೊಸ ಕಾರಿನ ಬೆಲೆ, ಬಣ್ಣ, ಟಚ್‌ಸ್ಕ್ರೀನ್. ಗಾಡಿಯಿಂದಲೇ ಹೊಟ್ಟೆ ಹೊರೆಯುವವನಿಗೆ ಬೇಕಾದ ಒಂದು ಸಾಲು ಅಲ್ಲಿ ಸಿಗುವುದು ಕಷ್ಟ. ಅವನಿಗೆ ಗೊತ್ತಿಲ್ಲದ್ದನ್ನೇ ಯಾರೋ ನಲವತ್ತೈದು ಸಾವಿರಕ್ಕೆ ಮಾರುತ್ತಾರೆ. ಇದೂ ಗ್ರಾಮೀಣ ವರದಿಯೇ. ನಾವು ಬರೆಯದಿದ್ದರೆ ಇನ್ಯಾರು ಬರೆಯಬೇಕು?